ನೀರಿನ ಆಟಿಕೆಯೊಳಗಿನ ಭೌತಶಾಸ್ತ್ರ

ಗುಂಡಿ ಒತ್ತಿದರೆ ನೀರಿನಲ್ಲಿ ಬಣ್ಣದ ರಿಂಗುಗಳು ಮೇಲೆದ್ದು ಕಡ್ಡಿಗೆ ಸಿಕ್ಕಿಕೊಳ್ಳುವ ಪುಟ್ಟ ಆಟಿಕೆಯನ್ನು ನೀವು ಆಡಿರಬಹುದು. 1970ರ ದಶಕದಲ್ಲಿ ಜಪಾನಿನ ಟೋಮಿ ಕಂಪನಿ ಇದನ್ನು ಜನಪ್ರಿಯಗೊಳಿಸಿತು. ಇದಕ್ಕೆ ಬ್ಯಾಟರಿ ಬೇಡ, ಮೋಟಾರೂ ಬೇಡ. ಪ್ರಥಮ ಪಿಯುಸಿಯ ದ್ರವಗಳ ಪಾಠವೇ ಸಾಕು. ಇಂಥದ್ದೊಂದನ್ನು ನಾವೇ ವಿನ್ಯಾಸ ಮಾಡುವುದಾದರೆ ಮೂರು ಪ್ರಶ್ನೆ ಬರುತ್ತವೆ.

1. ರಿಂಗು ಯಾವುದರಿಂದ ಮಾಡಬೇಕು?
ಪಾಲಿಪ್ರೊಪಿಲೀನ್ ಸಾಂದ್ರತೆ ಸುಮಾರು 0.9 ಗ್ರಾಂ/ಘನ ಸೆಂ.ಮೀ.; ಅದು ತೇಲಿಬಿಡುತ್ತದೆ. ಉಕ್ಕಿನದು ಸುಮಾರು 7.8, ಅದು ತಳ ಬಿಟ್ಟು ಏಳದು. ಪಾಲಿಸ್ಟೈರೀನ್ ಸುಮಾರು 1.05. ಆರ್ಕಿಮಿಡೀಸ್ ತತ್ವದಂತೆ ನೀರಿನೊಳಗೆ ಅದರ ತೂಕ ಸುಮಾರು ಇಪ್ಪತ್ತನೇ ಒಂದು ಭಾಗ ಮಾತ್ರ. ಆದ್ದರಿಂದ ಸಣ್ಣ ಚಿಮ್ಮುವಿಕೆಗೂ ಏಳುತ್ತದೆ, ನಿಧಾನವಾಗಿ ಇಳಿಯುತ್ತದೆ. ಆಟದ ಮಜಾ ಇರುವುದು ಈ ನಿಧಾನದಲ್ಲೇ.

2. ನೀರು ರಭಸದಿಂದ ಚಿಮ್ಮುವುದು ಹೇಗೆ?
ಗುಂಡಿ ತಳ್ಳಿದ ನೀರು ಕಿರಿದಾದ ರಂಧ್ರದಿಂದ ಹೊರಬರುತ್ತದೆ. ದಾರಿಯ ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲುಭಾಗ. ಅಷ್ಟೇ ನೀರು ಹೋಗಬೇಕಾದರೆ ವೇಗ ನಾಲ್ಕು ಪಟ್ಟು.

3. ಒಳಗೆ ಸ್ವಲ್ಪ ಗಾಳಿ ಏಕೆ?
ನೀರನ್ನು ಒತ್ತಿ ಕುಗ್ಗಿಸುವುದು ಬಹಳ ಕಷ್ಟ. ಗಟ್ಟಿ ಡಬ್ಬಿಯಲ್ಲಿ ನೀರೇ ತುಂಬಿದ್ದರೆ ಗುಂಡಿ ಒಳಗೆ ಹೋಗದು. ಗಾಳಿಗುಳ್ಳೆ ಕುಗ್ಗಿ ಜಾಗ ಕೊಡುತ್ತದೆ. ಬೆರಳು ತೆಗೆದಾಗ ಹಿಗ್ಗಿ ನೀರನ್ನು ಹಿಂದಕ್ಕೆ ತಳ್ಳುತ್ತದೆ.

ಮಾಡಿ ನೋಡಿ: ಲೋಟದ ನೀರಿನಲ್ಲಿ ಪಾಲಿಸ್ಟೈರೀನ್ ಚೂರೊಂದನ್ನು ಮುಳುಗಿಸಿ, ಉಪ್ಪು ಕರಗಿಸುತ್ತ ಹೋಗಿ. ಚೂರು ಮೇಲೇಳುತ್ತದೆ. ಏಕೆ? ಕಾರಣ ಬರೆದು ನಿಮ್ಮ ಉಪನ್ಯಾಸಕರಿಗೆ ತೋರಿಸಿ.