ಮಾಲಿಗಿಂತ ಮುಂಚೆ ಹೋಗುವ ಮಾಲಿನ ಸುದ್ದಿ

ಹೋದ ಹಂಗಾಮಿನಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಹನ್ನೊಂದು ಚೀಲ ಮೆಣಸಿನಕಾಯಿ ಒಯ್ದಿದ್ದೆ. ಏಳು ಚೀಲಕ್ಕೆ ಒಳ್ಳೆಯ ದರ ಬಂತು. ಉಳಿದ ನಾಲ್ಕು ಚೀಲದ ದರ ಕೇಳಿ ಎದೆ ಒಡೆಯಿತು. ಹೊಲ ಒಂದೇ, ಬೀಜ ಒಂದೇ. ಹೀಗ್ಯಾಕೆ ಅಂತ ದಲಾಲಿ ಅಂಗಡಿಯ ಗುಮಾಸ್ತರನ್ನು ಕೇಳಿದೆ. ಅವರು ಒಂದು ಕಾಯಿ ಮುರಿದು ಒಳಗೆ ತೋರಿಸಿದರು. "ಯಜಮಾನ್ರ, ಇದಕ್ಕ ನೀರು ಹೊಡದೀರಿ. ಒಳಗ ಬೂಷ್ಟು ಬಂದೈತಿ ನೋಡ್ರಿ. ಇಂಥಾದ್ದು ಪರದೇಶಕ್ಕ ಹೋಗೂದಿಲ್ಲ" ಅಂದರು.

ಅವರ ಮಾತು ಸುಳ್ಳಲ್ಲ. ಚೀಲ ತುಂಬುವಾಗ ಕಾಯಿ ಮುರಿಯಬಾರದು ಅಂತ ನೀರು ಚಿಮುಕಿಸಿದ್ದು ನಾವೇ. ತೂಕವೂ ಸ್ವಲ್ಪ ಬರುತ್ತದೆ ಅನ್ನುವ ಆಸೆ ಇರಲಿಲ್ಲ ಅಂತ ಹೇಳಲಾರೆ. ಆದರೆ ನನ್ನ ಕಾಯಿ ಪರದೇಶಕ್ಕೆ ಹೋಗುವುದಿಲ್ಲ ಅಂತ ಬ್ಯಾಡಗಿಯಲ್ಲೇ ತೀರ್ಮಾನ ಆಗುವುದು ಹೇಗೆ? ಅದನ್ನು ಕೇಳಿ, ಓದಿ ತಿಳಿದುಕೊಂಡಷ್ಟನ್ನು ಇಲ್ಲಿ ಬರೆದಿದ್ದೇನೆ.

ಚೀಟಿ ಹೋಯಿತು, ಕಂಪ್ಯೂಟರ್ ಬಂತು

ಮೊದಲು ಖರೀದಿದಾರರು ಚೀಟಿಯಲ್ಲಿ ದರ ಬರೆದು ಹಾಕುತ್ತಿದ್ದರು. ಈಗ ನಮ್ಮ ರಾಶಿಗೆ ಒಂದು ಲಾಟ್ ನಂಬರ್ ಬೀಳುತ್ತದೆ. ಅವರು ಆ ನಂಬರಿಗೆ ಕಂಪ್ಯೂಟರಿನಲ್ಲಿ ದರ ಹಾಕುತ್ತಾರೆ. ಈ ಏರ್ಪಾಡು ನಡೆಸಲು ಕರ್ನಾಟಕ ಸರ್ಕಾರ 2014ರಲ್ಲಿ ಪಾಲುದಾರಿಕೆಯ ಕಂಪನಿಯೊಂದನ್ನು ಮಾಡಿತು. ಕೇಂದ್ರ ಸರ್ಕಾರದ ಇ-ನಾಮ್ ಶುರುವಾದದ್ದು 2016ರ ಏಪ್ರಿಲ್ 14ರಂದು. ದರ ಒಪ್ಪಿಗೆ ಆಗದಿದ್ದರೆ ಮಾಲು ಕೊಡುವುದಿಲ್ಲ ಅನ್ನುವ ಹಕ್ಕು ರೈತನಿಗೆ ಇದೆ.

ಆದರೆ ಆ ದರದ ಬೇರು ಬ್ಯಾಡಗಿಯಲ್ಲಿ ಮಾತ್ರ ಇಲ್ಲ. ನಮ್ಮ ಡಬ್ಬಿ, ಕಡ್ಡಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಕಾರ್ಖಾನೆಗಳು ಇದರಿಂದ ಓಲಿಯೋರೆಸಿನ್ ಅನ್ನುವ ಬಣ್ಣದ ಸಾರ ತೆಗೆದು ಪರದೇಶಕ್ಕೆ ಕಳಿಸುತ್ತವೆ. ಅದು ತಿನ್ನುವ ಪದಾರ್ಥಕ್ಕೂ ಹೋಗುತ್ತದೆ, ತುಟಿಗೆ ಹಚ್ಚುವ ಬಣ್ಣಕ್ಕೂ ಹೋಗುತ್ತದೆ. ಕಾಯಿಯ ಬಣ್ಣ ಅಳೆಯುವ ಲೆಕ್ಕಕ್ಕೆ ಆಸ್ಟಾ ಅನ್ನುತ್ತಾರೆ. ಅದು ಅಮೆರಿಕದ ಸಾಂಬಾರ ವ್ಯಾಪಾರಿಗಳ ಸಂಘದ ಹೆಸರು. ಬಣ್ಣ ಎಷ್ಟು, ತೇವ ಎಷ್ಟು, ಔಷಧದ ಅಂಶ ಎಷ್ಟು ಅನ್ನುವ ಪ್ರಯೋಗಾಲಯದ ವರದಿ ಇ-ಮೇಲಿನಲ್ಲಿ ಒಂದು ಗಳಿಗೆಯಲ್ಲಿ ಕೊಳ್ಳುವವನ ಮುಂದೆ ಇರುತ್ತದೆ. ಮಾಲು ಹಡಗಿನಲ್ಲಿ ಹೋಗಲು ವಾರಗಟ್ಟಲೆ ಬೇಕು. ಅಂದರೆ ಮಾಲಿಗಿಂತ ಮುಂಚೆ ಮಾಲಿನ ಸುದ್ದಿ ಹೋಗಿ ಕೂತಿರುತ್ತದೆ.

ಒಂದು ಕಡೆ ತಪ್ಪು, ಎಲ್ಲ ಕಡೆ ಡಂಗುರ

ಯುರೋಪಿನ ದೇಶಗಳು ಆಹಾರದ ದೋಷ ಕಂಡರೆ ಒಬ್ಬರಿಗೊಬ್ಬರು ಕೂಡಲೇ ತಿಳಿಸುವ ಏರ್ಪಾಡನ್ನು 1979ರಿಂದ ಇಟ್ಟುಕೊಂಡಿವೆ. ಈಗ ಅದು ಕಂಪ್ಯೂಟರ್ ಜಾಲದಲ್ಲಿದೆ. ಯಾವ ದೇಶದ ಯಾವ ಮಾಲಿನಲ್ಲಿ ಏನು ಸಿಕ್ಕಿತು ಅಂತ ಯಾರು ಬೇಕಾದರೂ ನೋಡಬಹುದು.

2003ರಲ್ಲಿ ಭಾರತದಿಂದ ಹೋದ ಮೆಣಸಿನಕಾಯಿ ಪದಾರ್ಥದಲ್ಲಿ ಸುಡಾನ್ ಅನ್ನುವ ಬಣ್ಣ ಸಿಕ್ಕಿತೆಂದು ಫ್ರಾನ್ಸ್ ಈ ಜಾಲದಲ್ಲಿ ಎಚ್ಚರಿಕೆ ಕೊಟ್ಟಿತು. ಅದು ಮೇಣ, ಬೂಟಿನ ಪಾಲಿಶ್‌ಗೆ ಹಾಕುವ ಬಣ್ಣ. ಅದೇ ವರ್ಷ ಯುರೋಪು ಪ್ರತಿ ಮಾಲಿಗೂ ಪರೀಕ್ಷೆಯ ವರದಿ ಬೇಕೆಂದಿತು. ನಮ್ಮ ಸಾಂಬಾರ ಮಂಡಳಿಯೂ ರಫ್ತಿನ ಮೆಣಸಿನಕಾಯಿಗೆ ಪರೀಕ್ಷೆ ಕಡ್ಡಾಯ ಮಾಡಿತು. 2005ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಸಾಸಿಗೆ ಹಾಕಿದ್ದ ಹಳೆಯ ಮೆಣಸಿನ ಪುಡಿಯಲ್ಲಿ ಇದೇ ಬಣ್ಣ ಕಂಡಿತು. ಆ ಸಾಸನ್ನು ಬಳಸಿದ್ದ 400ಕ್ಕೂ ಹೆಚ್ಚು ಬಗೆಯ ತಿನಿಸುಗಳನ್ನು ಅಂಗಡಿಗಳಿಂದ ವಾಪಸು ತೆಗೆದರು. ಬಣ್ಣ ಬೆರೆಸಿದವರು ರೈತರಲ್ಲ. ಆದರೆ ಪರೀಕ್ಷೆಯ ಕಟ್ಟುಪಾಡು ಎಲ್ಲರ ಮಾಲಿಗೂ ಬಂತು.

ಬೂಷ್ಟಿನ ಮಾತು ಹಾಗಲ್ಲ, ಅದರ ಮೂಲ ನಮ್ಮ ಕಣದಲ್ಲೇ ಇದೆ. ಕೆಲವು ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಯುರೋಪಿನಲ್ಲಿ ಒಂದು ಕಿಲೋ ಮೆಣಸಿನಕಾಯಿಯಲ್ಲಿ ಇದು 10 ಮೈಕ್ರೋಗ್ರಾಂ ಮೀರಬಾರದು. ಲೆಕ್ಕ ಹಾಕಿದರೆ 100 ಟನ್ ಕಾಯಿಗೆ ಒಂದೇ ಒಂದು ಗ್ರಾಂ. ನನ್ನ ನಾಲ್ಕು ಚೀಲ ಬೇರೆಯವರ ಒಳ್ಳೆಯ ಮಾಲಿನಲ್ಲಿ ಬೆರೆತರೆ ಏನಾಗುತ್ತದೆ, ನೀವೇ ಯೋಚಿಸಿ.

ಕಾಗದವೂ ಬದಲಾಗುತ್ತಿದೆ

ಹಡಗಿಗೆ ಮಾಲು ಹತ್ತಿಸಿದಾಗ ಬಿಲ್ ಆಫ್ ಲೇಡಿಂಗ್ ಅಂತ ಕೊಡುತ್ತಾರೆ. ಅದು ಕೈಯಲ್ಲಿದ್ದವನಿಗೇ ಮಾಲು. ಹಡಗು ಮುಟ್ಟಿದರೂ ಕಾಗದ ಬರದೆ ಮಾಲು ಬಂದರಿನಲ್ಲಿ ಕಾಯುವುದೂ ಉಂಟು. 2023ರ ಸೆಪ್ಟೆಂಬರಿನಿಂದ ಇಂಗ್ಲೆಂಡಿನ ಕಾನೂನು ಕಂಪ್ಯೂಟರಿನ ಬಿಲ್ಲಿಗೂ ಕಾಗದದಷ್ಟೇ ಬೆಲೆ ಕೊಟ್ಟಿದೆ. ನಮ್ಮ ದೇಶದಲ್ಲೂ ಕಸ್ಟಮ್ಸ್‌ನ ಶಿಪ್ಪಿಂಗ್ ಬಿಲ್ ಕಂಪ್ಯೂಟರಿನಲ್ಲೇ ಹೋಗುತ್ತದೆ. 2022ರಿಂದ ಅಂಚೆ ಇಲಾಖೆ ಡಾಕ್ ಘರ್ ನಿರ್ಯಾತ್ ಕೇಂದ್ರಗಳನ್ನು ತೆರೆದಿದೆ. ಸಣ್ಣವರು ಅಲ್ಲಿಂದ ಪಾರ್ಸೆಲಿನಲ್ಲೇ ರಫ್ತು ಮಾಡಬಹುದು. ಆದರೆ ತಿನ್ನುವ ಪದಾರ್ಥಕ್ಕೆ ಆ ದೇಶದ ನಿಯಮ ತಪ್ಪಿದ್ದಲ್ಲ.

ಇದರಿಂದ ರೈತನಿಗೆ ಏನು?

ಕಂಪ್ಯೂಟರ್ ಬಂದ ಮಾತ್ರಕ್ಕೆ ದರ ಏರುವುದಿಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರ ಕುಸಿದು ರೈತರು ಸಿಟ್ಟಿಗೆದ್ದದ್ದು, ವಾಹನ ಸುಟ್ಟದ್ದು ಎಲ್ಲರಿಗೂ ನೆನಪಿದೆ. ಆವಾಗಲೂ ಟೆಂಡರ್ ಕಂಪ್ಯೂಟರಿನಲ್ಲೇ ಇತ್ತು. ಮಾಲು ಮಿತಿಮೀರಿ ಬಂದರೆ ಯಾವ ಯಂತ್ರವೂ ಕೈ ಹಿಡಿಯದು.

ಇನ್ನೊಂದು ಕೊರತೆಯೂ ಇದೆ. ಟೆಂಡರ್ ಮುಗಿಯುವ ತನಕ ಲಾಟಿಗೆ ನನ್ನ ಹೆಸರು ಇರುತ್ತದೆ. ಆಮೇಲೆ ಹತ್ತು ಜನರ ಕಾಯಿ ಒಂದೇ ರಾಶಿ. ನಾನು ಚೆನ್ನಾಗಿ ಒಣಗಿಸಿದ್ದಕ್ಕೆ ಅಲ್ಲಿಂದ ಮುಂದೆ ಸಾಕ್ಷಿ ಇಲ್ಲ. ಆ ಸಾಕ್ಷಿಯನ್ನು ನಾವೇ ಇಟ್ಟುಕೊಳ್ಳಬೇಕು. ಒಬ್ಬರಿಂದ ಆಗದ್ದು ಗುಂಪಿನಿಂದ ಆದೀತು. ಒಂದು ಊರಿನ ಇಪ್ಪತ್ತು ಜನ ಒಂದೇ ರೀತಿ ಬೆಳೆದು, ಒಣಗಿಸಿ, ಲೆಕ್ಕ ಬರೆದಿಟ್ಟರೆ ಕಾರ್ಖಾನೆಯವರ ಹತ್ತಿರ ನೇರ ಮಾತಾಡಲು ಬಾಯಿ ಬರುತ್ತದೆ.

ಈ ವರ್ಷ ನಾನು ಮಾಡುತ್ತಿರುವುದು ಇಷ್ಟು:

1. ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಔಷಧ, ಎಷ್ಟು, ಯಾವ ತಾರೀಕು, ಕೊನೆಯ ಸಿಂಪರಣೆಯಿಂದ ಬಿಡಿಸಲು ಎಷ್ಟು ದಿನ ಬಿಟ್ಟೆ ಅಂತ ಬರೆಯುತ್ತೇನೆ. ಔಷಧದ ಚೀಟಿಯನ್ನೂ ಅಂಟಿಸುತ್ತೇನೆ.
2. ಕಾಯಿಯನ್ನು ಬರೀ ನೆಲದ ಮೇಲೆ ಹರವುವುದಿಲ್ಲ, ತಾಡಪಾಲು ಹಾಸುತ್ತೇನೆ. ಸಂಜೆ ಇಬ್ಬನಿ ಬೀಳುವ ಮುಂಚೆ ಮುಚ್ಚುತ್ತೇನೆ.
3. ತೇವ ನೂರಕ್ಕೆ 10-11ಕ್ಕೆ ಇಳಿಯುವವರೆಗೆ ಒಣಗಿಸಿಯೇ ಚೀಲ ತುಂಬುವುದು. ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನಬೇಕು.
4. ಬಿಳಿಗಾಯಿ, ಕೊಳೆತದ್ದು, ಬೂಷ್ಟು ಹಿಡಿದದ್ದು ಬೇರೆ ತೆಗೆಯುವುದು. ಒಳ್ಳೆಯ ಮಾಲಿನಲ್ಲಿ ಬೆರೆಸಬಾರದು.
5. ನೀರು ಚಿಮುಕಿಸುವುದು ಬಂದ್.

ನೀರು ಬಿಟ್ಟರೆ ಚೀಲಕ್ಕೆ ತೂಕ ಸ್ವಲ್ಪ ಕಮ್ಮಿ ಬೀಳುತ್ತದೆ ಅಂತ ಮನೆಯಲ್ಲಿ ತಕರಾರು ನಡೆದಿದೆ. ಹೋದ ವರ್ಷದ ಆ ನಾಲ್ಕು ಚೀಲದ ಪಟ್ಟಿ ತೋರಿಸಿದೆ. ಸುಮ್ಮನಾದರು.