ಅಳತೆಯ ಕಾಯಕ: ವಿದ್ಯುತ್ ಮೀಟರಿನ ಅಂಕೆ ಕಚೇರಿಗೆ ತಲುಪುವ ಬಗೆ

ಕೊಡುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ಇಬ್ಬರ ನಂಬಿಕೆಯನ್ನೂ ಕಾಯುವುದು ಅಳತೆ. ಧಾನ್ಯಕ್ಕೆ ಸೇರು, ಬಟ್ಟೆಗೆ ಗಜ ಇದ್ದಂತೆ ವಿದ್ಯುತ್ತಿಗೆ ಮೀಟರು. ಧಾನ್ಯವಾದರೋ ಕಣ್ಣಿಗೆ ಕಾಣುತ್ತದೆ, ವಿದ್ಯುತ್ತು ಕಾಣದು. ಆದುದರಿಂದ ಅದರ ಅಳತೆಯಲ್ಲಿ ನಂಬಿಕೆಯ ಪಾಲು ಇನ್ನೂ ಹಿರಿದು.

ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿದ್ದು 1905ರಲ್ಲಿ. ಮುಂದೆ ಬಹುಕಾಲ ಮನೆಮನೆಯ ಅಳತೆಯ ಕ್ರಮ ಒಂದೇ ಆಗಿತ್ತು. ಮೀಟರಿನೊಳಗೆ ಅಲ್ಯೂಮಿನಿಯಂ ತಟ್ಟೆ ತಿರುಗುವುದು. ಅದರೊಡನೆ ಅಂಕೆಗಳು ಸರಿಯುವುದು. ತಿಂಗಳಿಗೊಮ್ಮೆ ಮೀಟರ್ ರೀಡರ್ ಬಂದು ಅವನ್ನು ಬರೆದುಕೊಳ್ಳುವುದು. 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶವೂ, ಆ ದಶಕದ ಕೊನೆಗೆ ಎಲೆಕ್ಟ್ರಾನಿಕ್ಸ್ ಸಿಟಿಯೂ ತಲೆಯೆತ್ತಿದವು. ಲೇತು, ಕುಲುಮೆ, ಕಂಪ್ರೆಸರುಗಳು ಹಗಲಿರುಳು ನಡೆಯುವಲ್ಲಿ ಎಷ್ಟು ಯೂನಿಟ್ಟು ಎಂಬುದೊಂದನ್ನೇ ಅರಿತರೆ ಸಾಲದು. ಯಾವ ವೇಳೆಯಲ್ಲಿ, ಎಷ್ಟು ಹೊರೆಯಲ್ಲಿ ಬಳಕೆಯಾಯಿತೆಂಬುದೂ ತಿಳಿಯಬೇಕು.

ಈ ಅಗತ್ಯವನ್ನು ಎಲೆಕ್ಟ್ರಾನಿಕ್ ಮೀಟರು ಪೂರೈಸಿತು. ಅದರೊಳಗಿನ ಗಡಿಯಾರವು 15 ಅಥವಾ 30 ನಿಮಿಷಕ್ಕೊಮ್ಮೆ ಬಳಕೆಯನ್ನು ಸ್ಮೃತಿಕೋಶದಲ್ಲಿ ದಾಖಲಿಸುತ್ತದೆ. ಈ ದಾಖಲೆಯನ್ನು ಹೊರತರುವ ಮಾರ್ಗಗಳು ಮುಖ್ಯವಾಗಿ ಮೂರು. ಮೊದಲನೆಯದು, ಮೀಟರಿನ ಮುಖದಲ್ಲಿರುವ ಕಿಂಡಿಗೆ ಕೈಯಂತ್ರವನ್ನು ಹಿಡಿದು ಅವಗೆಂಪು ಬೆಳಕಿನ ಮೂಲಕ ಓದಿಕೊಳ್ಳುವುದು. ಎರಡನೆಯದು, ಸಿಮ್ ಹೊಂದಿದ ಮೋಡೆಮ್ ಮೊಬೈಲ್ ಜಾಲದ ಮೂಲಕ ಅದನ್ನು ಕೇಂದ್ರ ಗಣಕಕ್ಕೆ ಕಳುಹಿಸುವುದು. ಮೂರನೆಯದು, ಒಂದು ಮೀಟರು ನೆರೆಯ ಮೀಟರಿಗೆ ರೇಡಿಯೋ ಅಲೆಗಳ ಮೂಲಕ ದಾಟಿಸಿ, ಅಂತೆಯೇ ಸಾಗಿ ಬಂದುದನ್ನು ಒಂದು ಸಂಗ್ರಾಹಕ ಪೆಟ್ಟಿಗೆಯು ಒಟ್ಟುಗೂಡಿಸಿ ರವಾನಿಸುವುದು. ತಗಡಿನ ಷೆಡ್ಡು, ನೆಲಮಾಳಿಗೆಗಳು ಅಲೆಗಳನ್ನು ತಡೆಯಬಲ್ಲವು. ಆದರೂ ಮೀಟರಿನ ಸ್ಮೃತಿಯಲ್ಲಿ ದಾಖಲೆ ಉಳಿದಿರುವುದರಿಂದ, ಸಂಪರ್ಕ ಮರಳಿದಾಗ ಅದನ್ನು ಪಡೆಯಬಹುದು.

2025ರ ಫೆಬ್ರವರಿಯಲ್ಲಿ ಬೆಸ್ಕಾಂ ಸಂಸ್ಥೆಯು ನಗರಪ್ರದೇಶದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯಗೊಳಿಸಿತು. ಅದರ ಬೆಲೆಯ ಕುರಿತ ವಿವಾದ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಅಳತೆಯು ನಿಖರವಾದರಷ್ಟೇ ಸಾಲದು, ಜನರಿಗೆ ಒಪ್ಪಿಗೆಯೂ ಆಗಬೇಕೆಂಬುದಕ್ಕೆ ಇದೇ ನಿದರ್ಶನ.

ಯಂತ್ರದ ಮಿತಿಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಹೆಚ್ಚಿನ ವಿದ್ಯುತ್ತು ಹರಿಯುವ ಕಾರ್ಖಾನೆಯಲ್ಲಿ ಅದನ್ನು ನೇರವಾಗಿ ಮೀಟರಿಗೆ ಹಾಯಿಸದೆ, ಸಿ.ಟಿ. ಎಂಬ ಉಪಕರಣದಿಂದ 100 ಆಂಪಿಯರನ್ನು 5ಕ್ಕೆ ಇಳಿಸುತ್ತಾರೆನ್ನೋಣ. ಇಳಿಸಿದ ಪ್ರಮಾಣವನ್ನೇ ತೋರಿಸುವ ಮೀಟರಾದರೆ ಅದರ ಅಂಕೆಯನ್ನು 20ರಿಂದ ಗುಣಿಸಬೇಕು: ಮೀಟರು 150 ತೋರಿದರೆ ನಿಜವಾದ ಬಳಕೆ 3,000 ಯೂನಿಟ್ಟು. ಕಚೇರಿಯ ಲೆಕ್ಕದಲ್ಲಿ 20ರ ಬದಲು 10 ಎಂದು ನಮೂದಾದರೆ 1,500 ಯೂನಿಟ್ಟು ಮಾಯವಾಗುತ್ತದೆ. 150 ಎಂಬ ಅಂಕೆ ತಪ್ಪಿಲ್ಲದೆ ತಲುಪಿದರೂ ಬಿಲ್ಲು ಮಾತ್ರ ತಪ್ಪೇ.

ಯಂತ್ರವು ಅಂಕೆಯನ್ನು ಸಾಗಿಸುತ್ತದೆ. ಅದರ ಅರ್ಥವನ್ನು ಕಾಯುವವನು ಮನುಷ್ಯನೇ. ಶರಣರು ಸತ್ಯಶುದ್ಧ ಕಾಯಕವೆಂದುದು ಇಂತಹ ಎಚ್ಚರಕ್ಕೂ ಸಲ್ಲುತ್ತದೆ. ಮನೆಯ ಮೀಟರನ್ನು ತಾನೇ ಓದಿ ಬಿಲ್ಲಿನೊಡನೆ ತಾಳೆ ನೋಡಬಲ್ಲ ವಿದ್ಯಾರ್ಥಿಯನ್ನು ರೂಪಿಸುವುದು ಗಣಿತಪಾಠವೂ ಹೌದು, ನೀತಿಪಾಠವೂ ಹೌದು.