ಮನೆ ತೊರೆದ ಮೊದಲ ದಿನಗಳ ಹಣ

ಪತಿಯ ಹಿಂಸೆ ತಾಳಲಾರದೆ ಮಕ್ಕಳೊಂದಿಗೆ ಮನೆ ತೊರೆದ ಮಹಿಳೆಗೆ ಸರ್ಕಾರ ತಕ್ಷಣ ಹಣ ನೀಡುತ್ತದೆಯೇ ಎಂಬ ಓದುಗರ ಪ್ರಶ್ನೆಗೆ ಉತ್ತರವಾಗಿ, 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯು ಆ ಹೊಣೆಯನ್ನು ಖಜಾನೆಯ ಮೇಲಲ್ಲ, ಹಿಂಸೆ ಎಸಗಿದವನ ಮೇಲೆಯೇ ಹೊರಿಸಿದೆ ಎಂಬುದನ್ನು ಮೊದಲು ಹೇಳಬೇಕಾಗುತ್ತದೆ. ಸೆಕ್ಷನ್ 20ರ ‘ಹಣಕಾಸು ಪರಿಹಾರ’ವನ್ನು, ಎಂದರೆ ಜೀವನಾಂಶ, ಚಿಕಿತ್ಸಾ ವೆಚ್ಚ, ಗಳಿಕೆಯ ನಷ್ಟ ಮುಂತಾದವನ್ನು ತುಂಬಿಕೊಡುವ ಮೊತ್ತವನ್ನು, ಅಂತಿಮ ತೀರ್ಪಿಗೆ ಕಾಯದೆ ಸೆಕ್ಷನ್ 23ರಡಿ ಮಧ್ಯಂತರವಾಗಿ ಕೋರಬಹುದು, ಅಫಿಡವಿಟ್ಟಿನ, ಅರ್ಥಾತ್ ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆಯ ಆಧಾರದ ಮೇಲೆ, ಪ್ರತಿವಾದಿಯ ಮಾತು ಕೇಳುವ ಮೊದಲೇ ಆದೇಶ ನೀಡಲೂ ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ಆತ ಹಣ ಕಟ್ಟದಿದ್ದರೆ ಅವನ ಸಂಬಳದಿಂದಲೇ ನೇರವಾಗಿ ಪಾವತಿಸುವಂತೆ ಉದ್ಯೋಗದಾತರಿಗೆ ಆದೇಶಿಸಬಹುದಾಗಿದ್ದು, ಕಾಯ್ದೆಯ ಹರಿತವಾದ ಅಂಶ ಇದೇ. ಅರ್ಜಿ ತಲುಪಿದ ಮೂರು ದಿನಗಳೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ನಡೆಯಬೇಕೆಂಬುದು ನಿಯಮವಾದರೂ, ಕಾಗದದ ಮೂರು ದಿನ ನ್ಯಾಯಾಲಯದಲ್ಲಿ ಹಿಗ್ಗುವುದುಂಟು. ಈ ನಡುವಿನ ಅವಧಿಗೆ ಸರ್ಕಾರದ ನೆರವು ಬಹುಮಟ್ಟಿಗೆ ನಗದಾಗಿ ಅಲ್ಲ, ಸೇವೆಯಾಗಿ ಒದಗುತ್ತದೆ: ‘ಸಖಿ’ ಒನ್ ಸ್ಟಾಪ್ ಸೆಂಟರಿನಲ್ಲಿ ತಾತ್ಕಾಲಿಕ ಆಶ್ರಯ, ಇದೇ ಕಾಯ್ದೆಯಡಿ ನೇಮಕಗೊಂಡ ಸಂರಕ್ಷಣಾಧಿಕಾರಿಯಿಂದ ಅರ್ಜಿ ಸಲ್ಲಿಕೆಗೆ ಸಹಾಯ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು. ಉಚಿತ ವಕೀಲರನ್ನು ಪಡೆಯಲು ಮಹಿಳೆಗೆ ಆದಾಯದ ಮಿತಿಯಿಲ್ಲ. ಇವೆಲ್ಲಕ್ಕೂ ದಾರಿ ತೋರುವ ಮಹಿಳಾ ಸಹಾಯವಾಣಿ 181 ಹಗಲಿರುಳೂ ತೆರೆದಿರುತ್ತದೆ.